ಕೊಡಗಿನಿಂದ ಅನಿಮೇಷನ್ ವೃತ್ತಿಗೆ ನಾಲ್ಕು ದಾರಿಗಳು: ಯಾವುದು ಯಾರಿಗೆ ಹೊಂದುತ್ತದೆ?

ಪಿಯುಸಿ ಫಲಿತಾಂಶ ಬಂದ ವಾರದಿಂದ ಮಳೆ ಹಿಡಿಯುವವರೆಗೆ ಪ್ರತಿವರ್ಷ ಕೆಲವು ತಂದೆತಾಯಂದಿರು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ಈ ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಒಂದು ಡ್ರಾಯಿಂಗ್ ಪುಸ್ತಕವಿರುತ್ತದೆ. ತಂದೆಯ ಕೈಯಲ್ಲಿ ಬೆಂಗಳೂರಿನ ಯಾವುದೋ ಒಂದು ಸಂಸ್ಥೆಯ ಬಣ್ಣದ ಕರಪತ್ರವಿರುತ್ತದೆ. "ಈ ಸಂಸ್ಥೆ ಒಳ್ಳೆಯದೇ?" ಎಂಬುದು ಅವರ ಮೊದಲ ಪ್ರಶ್ನೆ. ಹನ್ನೊಂದು ವರ್ಷ ಬೆಂಗಳೂರಿನ ಸ್ಟುಡಿಯೊಗಳಲ್ಲಿ ಪಾತ್ರಗಳಿಗೆ ಚಲನೆ ಕೊಡುವ ಕೆಲಸ ಮಾಡಿ, ಈಗ ಗೋಣಿಕೊಪ್ಪದ ಸಮೀಪದ ನಮ್ಮ ಮನೆಯಿಂದಲೇ ಅದೇ ಕೆಲಸವನ್ನು ಮುಂದುವರಿಸಿರುವ ನನಗೆ, ಆ ಪ್ರಶ್ನೆಗೆ ಉತ್ತರಿಸುವ ಮೊದಲು ಬೇರೊಂದನ್ನು ಕೇಳಬೇಕೆನಿಸುತ್ತದೆ: ಅಲ್ಲಿ ನಿಮ್ಮ ಮಗಳ ಕೆಲಸವನ್ನು ವಾರಕ್ಕೊಮ್ಮೆ ಕೂತು ನೋಡಿ, ಎಲ್ಲಿ ತಪ್ಪಿದೆಯೆಂದು ತೋರಿಸಿ, ತಿದ್ದಿಸಿ ಮತ್ತೆ ಮಾಡಿಸುವವರು ಯಾರು?

ಅನಿಮೇಷನ್ ಕಲಿಯುವುದೆಂದರೆ ಸಾಫ್ಟ್‌ವೇರ್ ಕಲಿಯುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಾಫ್ಟ್‌ವೇರಿನ ಗುಂಡಿಗಳನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಕಲಿಯುತ್ತಾರೆ. ಆದರೆ ತಾನು ಮಾಡಿದ ನಡಿಗೆಯಲ್ಲಿ ದೇಹದ ಭಾರ ಕಾಣುತ್ತಿಲ್ಲ ಎಂಬುದನ್ನು ಕಲಿಯುವವರ ಕಣ್ಣು ತಾನಾಗಿ ಗುರುತಿಸುವುದಿಲ್ಲ. ಇನ್ನೊಬ್ಬರ ಅನುಭವಿ ಕಣ್ಣು ಅದನ್ನು ನೂರು ಬಾರಿ ತೋರಿಸಿಕೊಟ್ಟ ಮೇಲಷ್ಟೇ ಅದು ನಮಗೂ ಕಾಣತೊಡಗುತ್ತದೆ. ಆದ್ದರಿಂದ ಮುಂದೆ ಹೇಳುವ ನಾಲ್ಕು ದಾರಿಗಳನ್ನು ನಾನು ಮುಖ್ಯವಾಗಿ ಈ ಒಂದು ಅಳತೆಗೋಲಿನಿಂದ ಅಳೆಯುತ್ತೇನೆ. ಹಣ, ಪದವಿಯ ಮಾನ್ಯತೆ, ಊರಿನಿಂದ ಇರುವ ದೂರ ಇವೆಲ್ಲವೂ ಮುಖ್ಯವೇ, ಆದರೆ ಅವು ಅದರ ನಂತರ ಬರುತ್ತವೆ.

ದಾರಿಗಿಂತ ಮೊದಲು ಕೆಲಸ ಯಾವುದೆಂದು ತಿಳಿಯಬೇಕು

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕೈಯಲ್ಲಿ ಚಿತ್ರ ಬರೆಯುವವರು ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳವರೆಗೆ ನಿಲ್ಲಿಸಿ 12 ಚಿತ್ರಗಳಲ್ಲಿ ಒಂದು ಸೆಕೆಂಡನ್ನು ಮುಗಿಸುವುದೂ ಉಂಟು. ಹೀಗೆ ಚೌಕಟ್ಟುಗಳ ನಡುವೆ ಪಾತ್ರವನ್ನು ನಡೆಸುವವರೇ ಅನಿಮೇಟರ್‌ಗಳು. ಆದರೆ ಕರಪತ್ರಗಳಲ್ಲಿ ಅನಿಮೇಷನ್ ಎಂಬ ಒಂದೇ ಹೆಸರಿನಡಿ ಹತ್ತಾರು ಕೆಲಸಗಳಿರುತ್ತವೆ: ಪಾತ್ರದ ಆಕಾರ ಕಟ್ಟುವ ಮಾಡೆಲಿಂಗ್, ಆ ಆಕಾರಕ್ಕೆ ಎಲುಬು ಕೀಲುಗಳನ್ನು ಜೋಡಿಸುವ ರಿಗ್ಗಿಂಗ್, ಬೆಳಕು ಹೊಂದಿಸುವ ಲೈಟಿಂಗ್, ಕಥೆಯನ್ನು ಚಿತ್ರಗಳಲ್ಲಿ ಬಿಡಿಸುವ ಸ್ಟೋರಿಬೋರ್ಡ್, ವಿಎಫ್‌ಎಕ್ಸ್, ಅಂದರೆ ಚಿತ್ರೀಕರಿಸಿದ ದೃಶ್ಯಗಳಿಗೆ ಕಂಪ್ಯೂಟರಿನಲ್ಲಿ ಪರಿಣಾಮಗಳನ್ನು ಸೇರಿಸುವ ಕೆಲಸದ ಕಡೆಗೆ ಹೋದರೆ, ಚಿತ್ರೀಕರಿಸಿದ ದೃಶ್ಯದಲ್ಲಿ ನಟರ ಅಂಚನ್ನು ಚೌಕಟ್ಟು ಚೌಕಟ್ಟಾಗಿ ಕತ್ತರಿಸುವ ರೊಟೊ, ಬೇಡದ ತಂತಿಗಳನ್ನು ಅಳಿಸುವ ಪ್ರೆಪ್, ಎಲ್ಲವನ್ನೂ ಒಂದೇ ದೃಶ್ಯವಾಗಿ ಬೆಸೆಯುವ ಕಾಂಪೋಸಿಟಿಂಗ್. ಚಿತ್ರ ಬಿಡಿಸಲು ಇಷ್ಟಪಡುವ ಹುಡುಗಿಯೊಬ್ಬಳು ತಿಳಿಯದೆ ರೊಟೊ ಕಲಿಸುವ ತರಗತಿಗೆ ಸೇರಿದರೆ, ಗಣಿತ ಮತ್ತು ಕೋಡಿಂಗ್‌ನಲ್ಲಿ ಚುರುಕಾಗಿದ್ದು ಒಳ್ಳೆಯ ರಿಗ್ಗರ್ ಆಗಬಹುದಾಗಿದ್ದ ಹುಡುಗನೊಬ್ಬ "ನನಗೆ ಚಿತ್ರ ಬರುವುದಿಲ್ಲ" ಎಂದು ಹಿಂದೆ ಸರಿದರೆ, ಎರಡೂ ನಷ್ಟವೇ.

ಇದನ್ನು ಪರೀಕ್ಷಿಸಿಕೊಳ್ಳಲು ಶುಲ್ಕ ಕಟ್ಟಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಜಿಲ್ಲೆಯ ತುಂಬ ಹಾಕಿ ನಡೆಯುತ್ತದೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವವೂ ಇದೇ ಹೊತ್ತಿಗೆ ಬರುತ್ತದೆ. ಮೈದಾನದ ಅಂಚಿನಲ್ಲಿ ಕುಳಿತು, ಚೆಂಡನ್ನು ಬಲವಾಗಿ ಹೊಡೆಯುವ ಆಟಗಾರನ ಒಂದೇ ಒಂದು ಹೊಡೆತವನ್ನು ಮೊಬೈಲಿನಲ್ಲಿ ಸೆರೆಹಿಡಿದು, ಚೌಕಟ್ಟು ಚೌಕಟ್ಟಾಗಿ ಮುಂದಕ್ಕೆ ಸರಿಸುತ್ತ ನೋಡಿ. ಸ್ಟಿಕ್ ಮುಂದೆ ಬರುವ ಮೊದಲು ಹಿಂದಕ್ಕೆ ಹೋಗುತ್ತದೆ, ಭುಜಕ್ಕಿಂತ ಮೊದಲು ಸೊಂಟ ತಿರುಗುತ್ತದೆ, ಚೆಂಡು ಹೋದ ಮೇಲೂ ಕೈ ಮುಂದುವರಿಯುತ್ತಲೇ ಇರುತ್ತದೆ. ಅನಿಮೇಷನ್‌ನ ಮೂಲಪಾಠಗಳೆಂದು ಎಲ್ಲ ತರಗತಿಗಳಲ್ಲೂ ಹೇಳಿಕೊಡುವ ಹನ್ನೆರಡು ಸೂತ್ರಗಳಲ್ಲಿ ಆ್ಯಂಟಿಸಿಪೇಶನ್ ಮತ್ತು ಫಾಲೋ ಥ್ರೂ ಎಂದು ಕರೆಯುವುದು ಇದನ್ನೇ. ಈ ಹೊಡೆತವನ್ನು ಹನ್ನೆರಡು ಕಡ್ಡಿಚಿತ್ರಗಳಲ್ಲಿ ಬಿಡಿಸಿ, ಚಲಿಸುವಂತೆ ಮಾಡಿ, ತೃಪ್ತಿಯಾಗದೆ ಹತ್ತು ಸಲ ಅಳಿಸಿ ಬರೆಯುವ ಹಟ ಮಗುವಿನಲ್ಲಿ ಕಂಡರೆ, ಆ ಮಗು ಅನಿಮೇಟರ್ ಆಗಬಲ್ಲದು. ಅದೇ ಮಗು ಚಲನೆಗಿಂತ ಆಟಗಾರನ ಮುಖಭಾವ, ಬಟ್ಟೆಯ ಮಡಿಕೆ, ಮೈದಾನದ ಮೇಲಿನ ಸಂಜೆಯ ಬೆಳಕನ್ನು ಬಿಡಿಸಲು ಕುಳಿತರೆ, ಅದರ ಒಲವು ಪಾತ್ರವಿನ್ಯಾಸ ಅಥವಾ ಹಿನ್ನೆಲೆ ಚಿತ್ರಣದ ಕಡೆಗಿದೆ ಎಂದು ತಿಳಿಯಬಹುದು.

ಮೊದಲ ದಾರಿ: ರಾಷ್ಟ್ರೀಯ ವಿನ್ಯಾಸ ಸಂಸ್ಥೆಗಳು

1961ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಅನಿಮೇಷನ್ ಚಿತ್ರ ವಿನ್ಯಾಸದಲ್ಲಿ ನಾಲ್ಕು ವರ್ಷಗಳ ಬಿ.ಡಿಸೈನ್ ಪದವಿ ನೀಡುತ್ತದೆ. ತಿದ್ದುವ ಕಣ್ಣಿನ ಅಳತೆಯಲ್ಲಿ ನೋಡಿದರೆ ಇದಕ್ಕಿಂತ ಮೇಲಿನದನ್ನು ನಮ್ಮ ದೇಶದಲ್ಲಿ ಹೇಳುವುದು ಕಷ್ಟ. ತರಗತಿಗಳು ಚಿಕ್ಕವು, ವಿದ್ಯಾರ್ಥಿ ತನ್ನದೇ ಕಿರುಚಿತ್ರವನ್ನು ಕಥೆಯಿಂದ ಶಬ್ದದವರೆಗೆ ತಾನೇ ಮುಗಿಸಬೇಕಾಗುತ್ತದೆ, ಪ್ರತಿ ಹಂತದಲ್ಲೂ ಅಧ್ಯಾಪಕರ ಮುಂದೆ ನಿಂತು ತನ್ನ ಆಯ್ಕೆಗಳನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಐಐಟಿ ಬಾಂಬೆಯ ಐಡಿಸಿ ವಿನ್ಯಾಸ ಶಾಲೆಯಲ್ಲಿ ಅನಿಮೇಷನ್ ಸ್ನಾತಕೋತ್ತರ ಹಂತದ ವಿಷಯ. ಅಲ್ಲಿನ ಪದವಿ ತರಗತಿಗೆ ಯುಸೀಡ್ ಪರೀಕ್ಷೆಯ ಮೂಲಕ ಪ್ರವೇಶ ಪಡೆದವರು ವಿನ್ಯಾಸವನ್ನು ಒಟ್ಟಾರೆಯಾಗಿ ಕಲಿಯುತ್ತಾರೆ. ಬೆಂಗಳೂರಿನಲ್ಲಿಯೂ ಎನ್‌ಐಡಿ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಅಲ್ಲಿರುವುದು ಡಿಜಿಟಲ್ ಗೇಮ್ ವಿನ್ಯಾಸದಂತಹ ಸ್ನಾತಕೋತ್ತರ ವಿಷಯಗಳು, ಪಿಯುಸಿ ಮುಗಿಸಿದವರಿಗೆ ಅಲ್ಲಿ ನೇರ ಪ್ರವೇಶವಿಲ್ಲ.

ಈ ದಾರಿಯ ತೊಡಕು ಬಾಗಿಲಿನಲ್ಲಿಯೇ ಇದೆ. ಎನ್‌ಐಡಿಯ ಪ್ರವೇಶ ಪರೀಕ್ಷೆ ಎರಡು ಹಂತಗಳದ್ದು, ಪದವಿ ತರಗತಿಗೆ ವಯೋಮಿತಿಯೂ ಇದೆ. ಯುಸೀಡ್ ಅನ್ನು ಸತತ ಎರಡು ವರ್ಷಗಳಲ್ಲಿ ಎರಡು ಬಾರಿ ಮಾತ್ರ ಬರೆಯಬಹುದು. ವಿಜ್ಞಾನ, ವಾಣಿಜ್ಯ, ಕಲೆ ಯಾವ ವಿಭಾಗದ ಪಿಯುಸಿ ಓದಿದವರೂ ಅದಕ್ಕೆ ಅರ್ಹರು ಎಂಬುದನ್ನು ನಮ್ಮ ಅನೇಕ ಕಾಲೇಜುಗಳಲ್ಲಿ ಮಕ್ಕಳಿಗೆ ಹೇಳುವವರೇ ಇರುವುದಿಲ್ಲ. ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಕಾಲದ ಹೊಂದಾಣಿಕೆ. ಅರ್ಜಿಗಳು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಆಸುಪಾಸಿನಿಂದ ನವೆಂಬರ್ ಕೊನೆ ಅಥವಾ ಡಿಸೆಂಬರ್ ಆರಂಭದ ಸುಗ್ಗಿಹಬ್ಬ ಪುತ್ತರಿಯ ಹೊತ್ತಿನೊಳಗೆ ಮುಗಿಯುತ್ತವೆ, ಪರೀಕ್ಷೆಗಳು ಬಹುತೇಕ ಡಿಸೆಂಬರ್ ಜನವರಿಯಲ್ಲಿ ಬರುತ್ತವೆ. ಅದು ಅರೇಬಿಕಾ ಕೊಯ್ಲು ನಡೆಯುತ್ತಿರುವ, ಮನೆಯವರೆಲ್ಲ ತೋಟ ಮತ್ತು ಕಣದಲ್ಲಿ ಮುಳುಗಿರುವ ಕಾಲ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಏಪ್ರಿಲ್‌ನಲ್ಲಿ ವಿಚಾರಿಸಲು ಬರುವವರಿಗೆ ಆ ವರ್ಷದ ಬಾಗಿಲು ಆಗಲೇ ಮುಚ್ಚಿರುತ್ತದೆ. ಪ್ರಥಮ ಪಿಯುಸಿಯಲ್ಲಿಯೇ ಈ ವಿಚಾರ ಮನೆಯಲ್ಲಿ ಚರ್ಚೆಯಾಗದಿದ್ದರೆ ಈ ದಾರಿ ಕೈತಪ್ಪಿತೆಂದೇ ಅರ್ಥ.

ಎರಡನೆಯ ದಾರಿ: ದೃಶ್ಯಕಲೆಯ ಪದವಿ

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರೂ ಕಾವಾ ಎಂದು ಕರೆಯುವ ಸಂಸ್ಥೆ, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿದೆ. ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ, ಛಾಯಾಚಿತ್ರ ಇವು ಅಲ್ಲಿನ ವಿಭಾಗಗಳು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಕೂಡ ಇದೇ ಬಗೆಯ ಪದವಿ ನೀಡುತ್ತದೆ. ಈ ದಾರಿಯನ್ನು ಕೊಡಗಿನ ಕುಟುಂಬಗಳು ಏಕೆ ಇಷ್ಟು ಕಡೆಗಣಿಸುತ್ತವೆ ಎಂಬುದು ನನಗೆ ಅರ್ಥವಾಗಿಲ್ಲ. ಸರ್ಕಾರಿ ಸಂಸ್ಥೆಯ ಶುಲ್ಕ ಖಾಸಗಿ ಸಂಸ್ಥೆಗಳ ಶುಲ್ಕದ ಹತ್ತಿರಕ್ಕೂ ಬರುವುದಿಲ್ಲ, ಪದವಿಗೆ ಮಾನ್ಯತೆಯಿದೆ, ಮೈಸೂರಿನ ವಾಸದ ಖರ್ಚು ಬೆಂಗಳೂರಿಗಿಂತ ಕಡಿಮೆ, ಶನಿವಾರ ಸಂಜೆ ಬಸ್ಸು ಹತ್ತಿದರೆ ರಾತ್ರಿಯ ಊಟಕ್ಕೆ ಮನೆಯಲ್ಲಿರಬಹುದು.

ಇಲ್ಲಿ ಕೈ ಪಳಗುತ್ತದೆ. ನಾಲ್ಕು ವರ್ಷ ಜೀವಂತ ಮಾದರಿಗಳನ್ನು ಮುಂದಿಟ್ಟುಕೊಂಡು ಬರೆದವರು ಮುಂದೆ ಯಾವ ಸಾಫ್ಟ್‌ವೇರ್ ಹಿಡಿದರೂ ಅವರ ಕೆಲಸದಲ್ಲಿ ಅಂಗಾಂಗಗಳ ಅಳತೆ ತಪ್ಪುವುದಿಲ್ಲ. ಸ್ಟುಡಿಯೊದಲ್ಲಿ ನನ್ನ ಜೊತೆಗಿದ್ದ ಅತ್ಯುತ್ತಮ ಪಾತ್ರವಿನ್ಯಾಸಕರಿಬ್ಬರೂ ದೃಶ್ಯಕಲೆ ಓದಿ ಬಂದವರಾಗಿದ್ದರು. ಕೊರತೆಯೂ ಸ್ಪಷ್ಟವಾಗಿದೆ. ತಿದ್ದುವ ಕಣ್ಣು ಇಲ್ಲಿದೆ, ಆದರೆ ಅದು ನಿಂತ ಚಿತ್ರವನ್ನು ತಿದ್ದುವ ಕಣ್ಣು, ಚಲನೆಯನ್ನಲ್ಲ. ಆದ್ದರಿಂದ ಮೂರನೆಯ ವರ್ಷದಿಂದಾದರೂ ಸಂಜೆಯ ಹೊತ್ತು ವಿದ್ಯಾರ್ಥಿ ತಾನಾಗಿ ಅನಿಮೇಷನ್ ಅಭ್ಯಾಸ ಆರಂಭಿಸಬೇಕು, ಇಲ್ಲವೇ ಪದವಿಯ ನಂತರ ಆರು ತಿಂಗಳಿಂದ ಒಂದು ವರ್ಷ ಬೇರೆ ತರಬೇತಿಗೆ ಮೀಸಲಿಡಬೇಕು. ಒಟ್ಟು ಐದು ವರ್ಷಗಳಾಗುತ್ತವೆ. ಮನೆಯಲ್ಲಿ ಅಷ್ಟು ಕಾಲ ಕಾಯುವ ಶಕ್ತಿಯಿದ್ದರೆ, ನಾಲ್ಕು ದಾರಿಗಳಲ್ಲಿ ಕಡಿಮೆ ಹಣಕ್ಕೆ ಹೆಚ್ಚು ಗಟ್ಟಿಯಾದ ತಳಹದಿ ಸಿಗುವುದು ಇದರಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ದಾರಿ: ಖಾಸಗಿ ತರಬೇತಿ ಸಂಸ್ಥೆಗಳು

ಹೆಚ್ಚಿನವರು ಹೋಗುವ ದಾರಿ ಇದೇ ಆಗಿರುವುದರಿಂದ ಮತ್ತು ಹೆಚ್ಚಿನವರು ಎಡವುವುದೂ ಇಲ್ಲಿಯೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಬೆಂಗಳೂರು ಮತ್ತು ಮೈಸೂರಿನ ಇಂತಹ ಸಂಸ್ಥೆಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ತರಬೇತಿಗಳಿವೆ. ಒಂದೇ ಹೆಸರಿನ ಫಲಕದಡಿ ಬೇರೆ ಬೇರೆ ಬಡಾವಣೆಗಳಲ್ಲಿ ಬೇರೆ ಬೇರೆ ಮಾಲೀಕರು ನಡೆಸುವ ಕೇಂದ್ರಗಳೂ ಇವೆ. ಆದ್ದರಿಂದ ಒಂದು ಕೇಂದ್ರದಲ್ಲಿ ಕಲಿತವರು ಹೊಗಳಿದರೆಂದು ಅದೇ ಹೆಸರಿನ ಇನ್ನೊಂದು ಕೇಂದ್ರವನ್ನು ನಂಬುವಂತಿಲ್ಲ. ಅಲ್ಲಿ ಕಲಿಸುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸ್ಟುಡಿಯೊದಲ್ಲಿ ಐದಾರು ವರ್ಷ ದುಡಿದು ಬಂದ ಒಬ್ಬ ಶಿಕ್ಷಕ ಹದಿನೈದು ಮಂದಿಗೆ ಕಲಿಸುವ ಕೇಂದ್ರವು ಒಂದೂವರೆ ವರ್ಷದಲ್ಲಿ ಮಗುವನ್ನು ಕೆಲಸಕ್ಕೆ ಸಿದ್ಧಗೊಳಿಸಬಲ್ಲದು. ಹಿಂದಿನ ತಂಡದಲ್ಲಿ ಕಲಿತು ಕೆಲಸ ಸಿಗದೆ ಉಳಿದವರೇ ಮುಂದಿನ ತಂಡಕ್ಕೆ ಕಲಿಸುವ ಕೇಂದ್ರದಲ್ಲಿ ಮೂರು ವರ್ಷ ಕಳೆದರೂ ಪ್ರಯೋಜನವಿಲ್ಲ.

ನಾನು ಕಲಿತದ್ದು ಈ ಎರಡನೆಯ ಬಗೆಯ ಕೇಂದ್ರದಲ್ಲಿ. ಸೇರಿದ ದಿನ ಪರಿಚಯಿಸಿದ ಹಿರಿಯ ಶಿಕ್ಷಕರು ನಾಲ್ಕನೆಯ ತಿಂಗಳಿಗೆ ಕೆಲಸ ಬಿಟ್ಟರು, ಉಳಿದ ಒಂದು ವರ್ಷ ನಾವು ನಾವೇ ಒಬ್ಬರ ಕೆಲಸವನ್ನು ಒಬ್ಬರು ತಿದ್ದಿಕೊಂಡೆವು, ಆದರೆ ಅಪ್ಪ ಒಂದೇ ಕಂತಿನಲ್ಲಿ ಕಟ್ಟಿದ್ದ ಶುಲ್ಕದಲ್ಲಿ ಒಂದು ರೂಪಾಯಿಯೂ ಹಿಂದಿರುಗಲಿಲ್ಲ. ಆ ವರ್ಷ ಕರಿಮೆಣಸು ಮಾರಿದ ಹಣ ಅದು. ಈ ಕಾರಣಕ್ಕಾಗಿಯೇ, ಶುಲ್ಕವನ್ನು ತಿಂಗಳು ಅಥವಾ ಮೂರು ತಿಂಗಳ ಕಂತುಗಳಲ್ಲಿ ಮಾತ್ರ ಕಟ್ಟಿರಿ ಎಂದು ಬಂದವರಿಗೆಲ್ಲ ಹೇಳುತ್ತೇನೆ; ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಕೊಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಕೆಲವು ಕಡೆ ಕಂತು ಎಂದು ಹೇಳಿ, ವಾಸ್ತವದಲ್ಲಿ ಹಣಕಾಸು ಕಂಪನಿಯೊಂದರ ಸಾಲಪತ್ರಕ್ಕೆ ತಂದೆಯ ಸಹಿ ಪಡೆಯುತ್ತಾರೆ. ಹಾಗೆ ಸಹಿ ಹಾಕಿದರೆ ಸಂಸ್ಥೆಗೆ ಪೂರ್ತಿ ಹಣ ಮೊದಲ ದಿನವೇ ಸಂದಾಯವಾಗಿರುತ್ತದೆ, ಮಗು ನಡುವೆ ಬಿಟ್ಟರೂ ಸಾಲದ ಕಂತು ನಿಮ್ಮ ಖಾತೆಯಿಂದ ಹೋಗುತ್ತಲೇ ಇರುತ್ತದೆ. ಸಹಿ ಹಾಕುವ ಕಾಗದ ಸಂಸ್ಥೆಯದೋ ಸಾಲದ ಕಂಪನಿಯದೋ ಎಂಬುದನ್ನು ಓದಿ ನೋಡಿಯೇ ಮುಂದುವರಿಯಬೇಕು.

ಪದವಿಯ ಮಾತೂ ಇದೆ. ಕೆಲವು ಕೇಂದ್ರಗಳು ಯಾವುದೋ ದೂರದ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪದವಿಯನ್ನು ಜೊತೆಗೆ ಕೊಡಿಸುವುದಾಗಿ ಹೇಳುತ್ತವೆ. ಆ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆಯಿದೆಯೇ, ದೂರಶಿಕ್ಷಣವಾದರೆ ಆ ನಿರ್ದಿಷ್ಟ ಪದವಿಗೆ ಅನುಮತಿಯಿದೆಯೇ ಎಂಬುದನ್ನು ಯುಜಿಸಿಯ ಜಾಲತಾಣದಲ್ಲಿ ನೀವೇ ನೋಡಬಹುದು. ಭಾರತದ ಸ್ಟುಡಿಯೊಗಳು ಕೆಲಸ ಕೊಡುವಾಗ ಪದವಿಗಿಂತ ಶೋರೀಲ್, ಅಂದರೆ ನಮ್ಮ ಅತ್ಯುತ್ತಮ ಕೆಲಸಗಳನ್ನು ಜೋಡಿಸಿದ ಚಿಕ್ಕ ವಿಡಿಯೊ, ನೋಡುತ್ತವೆ ಎಂಬುದು ನಿಜ. ಆದರೆ ಮುಂದೆ ಕೆನಡಾ ಅಥವಾ ಇಂಗ್ಲೆಂಡಿಗೆ ಹೋಗುವ ಆಸೆಯಿದ್ದರೆ, ಸ್ನಾತಕೋತ್ತರ ಓದಬೇಕೆನಿಸಿದರೆ, ಅಥವಾ ಈ ವೃತ್ತಿಯನ್ನೇ ಬಿಟ್ಟು ಬೇರೆ ಪರೀಕ್ಷೆ ಬರೆಯಬೇಕಾಗಿ ಬಂದರೆ, ಮಾನ್ಯತೆಯುಳ್ಳ ಪದವಿ ಇಲ್ಲದಿರುವುದು ದೊಡ್ಡ ಅಡ್ಡಿಯಾಗುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಮಾಡಿದ ಆಯ್ಕೆ ಮೂವತ್ತರಲ್ಲಿಯೂ ಹಾಗೆಯೇ ಇರುತ್ತದೆ ಎಂದು ಯಾರೂ ಹೇಳಲಾರರು.

ಒಂದು ಕೇಂದ್ರವನ್ನು ಅಳೆಯಲು ಒಂದು ದಿನದ ಭೇಟಿ ಸಾಕು, ಆದರೆ ಆ ಭೇಟಿ ಸಲಹೆಗಾರರ ಕೋಣೆಯಲ್ಲಿ ಮುಗಿಯಬಾರದು. ಲ್ಯಾಬಿನೊಳಗೆ ಹೋಗಿ ಕೂರಲು ಅನುಮತಿ ಕೇಳಿರಿ. ಶಿಕ್ಷಕರ ಸ್ವಂತ ಶೋರೀಲ್ ತೋರಿಸುವಂತೆ ಕೇಳಿರಿ. ತೋರಿಸಲು ಹಿಂಜರಿದರೆ ಅದೇ ಉತ್ತರ. ಕಳೆದ ವರ್ಷ ಮುಗಿಸಿದ ಇಡೀ ತಂಡದ ಕೆಲಸ ನೋಡಬೇಕೆನ್ನಿ, ಗೋಡೆಗೆ ತೂಗುಹಾಕಿದ ಇಬ್ಬರು ಜಾಣರದ್ದಲ್ಲ. ಕೆಲಸ ಸಿಕ್ಕಿತೆಂದು ತೋರಿಸುವ ಪಟ್ಟಿಯಲ್ಲಿ ಎಷ್ಟು ಮಂದಿ ಪಾತ್ರ ಅನಿಮೇಷನ್‌ಗೆ, ಎಷ್ಟು ಮಂದಿ ರೊಟೊ ಕೆಲಸಕ್ಕೆ, ಎಷ್ಟು ಮಂದಿ ಜಾಹೀರಾತು ಕಂಪನಿಯಲ್ಲಿ ಪೋಸ್ಟರ್ ಮಾಡುವ ಕೆಲಸಕ್ಕೆ ಹೋದರು ಎಂದು ಬಿಡಿಸಿ ಕೇಳಿರಿ. ಕೆಲಸ ಕೊಡಿಸಲು ನೆರವಾಗುತ್ತೇವೆ ಎನ್ನುವುದಕ್ಕೂ ಕೆಲಸ ಕೊಡಿಸುತ್ತೇವೆ ಎನ್ನುವುದಕ್ಕೂ ಬಹಳ ಅಂತರವಿದೆ, ಕರಪತ್ರಗಳಲ್ಲಿ ಮುದ್ರಿತವಾಗಿರುವುದು ಸಾಮಾನ್ಯವಾಗಿ ಮೊದಲನೆಯದು.

ನಾಲ್ಕನೆಯ ದಾರಿ: ಮನೆಯಲ್ಲಿಯೇ ಕಲಿಯುವುದು

ಹದಿನೈದು ವರ್ಷಗಳ ಹಿಂದೆ ಈ ದಾರಿಯನ್ನು ಯಾರಿಗೂ ಸೂಚಿಸುತ್ತಿರಲಿಲ್ಲ. ಇಂದು ಪರಿಸ್ಥಿತಿ ಬದಲಾಗಿದೆ. 2002ರಲ್ಲಿ ಮುಕ್ತ ತಂತ್ರಾಂಶವಾದ ಬ್ಲೆಂಡರ್ ಇಂದು ಯಾವ ದುಬಾರಿ ತಂತ್ರಾಂಶಕ್ಕೂ ಸಮನಾಗಿ ನಿಲ್ಲುತ್ತದೆ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆದ ಲಾಟ್ವಿಯಾದ 'ಫ್ಲೋ' ಚಿತ್ರದ ಅನಿಮೇಷನ್ ಸಿದ್ಧವಾದದ್ದು ಇದರಲ್ಲಿಯೇ. ಕೈಚಿತ್ರಗಳಿಗೆ ಕ್ರಿಟಾ ಮತ್ತು ಓಪನ್‌ಟೂನ್ಜ್ ಕೂಡ ಉಚಿತ. ದೊಡ್ಡ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿರುವ ಮಾಯಾ ತಂತ್ರಾಂಶವನ್ನು ಕೂಡ ವಿದ್ಯಾರ್ಥಿಗಳಿಗೆ ಅದರ ಕಂಪನಿ ಕಲಿಕೆಗಾಗಿ ಉಚಿತವಾಗಿ ಕೊಡುತ್ತದೆ. 16 ಜಿಬಿ ಮೆಮೊರಿ ಮತ್ತು ಬೇರೆಯಾದ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಹಾಗೂ ನಾಲ್ಕೈದು ಸಾವಿರ ರೂಪಾಯಿಯ ಒಂದು ಪೆನ್ ಟ್ಯಾಬ್ಲೆಟ್ ಇದ್ದರೆ ಆರಂಭಿಸಬಹುದು. ಕೈಚಿತ್ರಗಳ ಅನಿಮೇಷನ್‌ಗೆ ಅಷ್ಟು ಬಲವಾದ ಯಂತ್ರವೂ ಬೇಡ.

ಕೊಡಗಿನಲ್ಲಿ ಇದಕ್ಕಿರುವ ಅಡ್ಡಿ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದರೆ ಒಳನಾಡಿನ ಮನೆಗಳಲ್ಲಿ ದಿನಗಟ್ಟಲೆ ಕರೆಂಟಿರುವುದಿಲ್ಲ. ಅನಿಮೇಷನ್ ಕಲಿಯುವವರಿಗೆ ಇದರ ಪೆಟ್ಟು ಬೀಳುವುದು ರೆಂಡರ್ ಮಾಡುವಾಗ, ಅಂದರೆ ಕಂಪ್ಯೂಟರ್ ಪ್ರತಿ ಚೌಕಟ್ಟಿನ ಅಂತಿಮ ಚಿತ್ರವನ್ನು ಸಿದ್ಧಪಡಿಸುವಾಗ. ಹತ್ತು ಸೆಕೆಂಡಿನ ದೃಶ್ಯವೆಂದರೆ 240 ಚೌಕಟ್ಟುಗಳು. ಒಂದೊಂದು ಚೌಕಟ್ಟಿಗೆ ಮೂರು ನಿಮಿಷ ಹಿಡಿದರೆ ಹನ್ನೆರಡು ಗಂಟೆಗಳಾಗುತ್ತವೆ. ಅದನ್ನು ನೇರವಾಗಿ ಒಂದೇ ವಿಡಿಯೊ ಕಡತವಾಗಿ ರೆಂಡರ್ ಮಾಡಲು ಬಿಟ್ಟು, ಹನ್ನೊಂದನೆಯ ಗಂಟೆಯಲ್ಲಿ ಕರೆಂಟು ಹೋದರೆ ಎಲ್ಲವೂ ನಷ್ಟ. ಬಿಡಿಬಿಡಿ ಚಿತ್ರಗಳಾಗಿ ರೆಂಡರ್ ಮಾಡಿದರೆ, ಕರೆಂಟು ಮರಳಿದಾಗ ನಿಂತ ಚೌಕಟ್ಟಿನಿಂದಲೇ ಮುಂದುವರಿಸಬಹುದು. ಈ ಒಂದು ಅಭ್ಯಾಸವನ್ನು ನಮ್ಮ ಮಕ್ಕಳು ಮೊದಲ ವಾರದಲ್ಲಿಯೇ ಕಲಿಯಬೇಕು. ಕರೆಂಟಿಲ್ಲದ ದಿನಗಳೂ ವ್ಯರ್ಥವಲ್ಲ. ಕಾಗದದ ಮೇಲೆ ಬರೆಯುವ ಅಭ್ಯಾಸಕ್ಕೆ ಯಂತ್ರ ಬೇಕಿಲ್ಲ. ದುಬಾರೆ ಅಥವಾ ಮತ್ತಿಗೋಡಿನ ಶಿಬಿರದಲ್ಲಿ ಆನೆಯ ನಡಿಗೆಯನ್ನು ಒಂದು ಬೆಳಗ್ಗೆ ನೋಡಿ ಬಂದರೆ, ಹಿಂದಿನ ಕಾಲು ಮುಂದಿನ ಕಾಲಿನ ಹೆಜ್ಜೆಯ ಸಮೀಪಕ್ಕೆ ಬಂದು ಊರುವುದನ್ನು, ಎಷ್ಟೇ ವೇಗವಾಗಿ ಸಾಗಿದರೂ ನಾಲ್ಕೂ ಕಾಲುಗಳು ಒಟ್ಟಿಗೆ ನೆಲ ಬಿಡದಿರುವುದನ್ನು ಒಂದು ವಾರ ಕೂತು ಬಿಡಿಸಬಹುದು. ಬೆಂಗಳೂರಿನ ವಿದ್ಯಾರ್ಥಿ ವಿಡಿಯೊದಲ್ಲಿ ನೋಡಿ ಬಿಡಿಸುವ ಪ್ರಾಣಿಯನ್ನು ನಮ್ಮವರು ಎದುರಿಗೇ ನೋಡಬಹುದು.

ಹಾಗಿದ್ದರೂ ಈ ದಾರಿಯಲ್ಲಿ ತಿದ್ದುವ ಕಣ್ಣು ತಾನಾಗಿ ಸಿಗುವುದಿಲ್ಲ, ಹುಡುಕಿಕೊಳ್ಳಬೇಕು. ಉಚಿತ ಪಾಠಗಳ ವಿಡಿಯೊಗಳು ಹೇಗೆ ಮಾಡಬೇಕೆಂದು ಹೇಳುತ್ತವೆ, ನೀವು ಮಾಡಿದ್ದು ಏಕೆ ಸರಿಯಿಲ್ಲವೆಂದು ಹೇಳುವುದಿಲ್ಲ. ವೃತ್ತಿನಿರತ ಅನಿಮೇಟರ್‌ಗಳು ಅಂತರ್ಜಾಲದ ಮೂಲಕ ನಡೆಸುವ, ವಾರಕ್ಕೊಮ್ಮೆ ಪ್ರತಿ ವಿದ್ಯಾರ್ಥಿಯ ಕೆಲಸವನ್ನು ಪರಿಶೀಲಿಸುವ ತರಗತಿಗಳಿವೆ. ಅವುಗಳಿಗೆ ಹಣ ಕೊಡುವುದು ಸಾರ್ಥಕ, ಏಕೆಂದರೆ ಅಲ್ಲಿ ನೀವು ಕೊಳ್ಳುತ್ತಿರುವುದು ಆ ಪರಿಶೀಲನೆಯನ್ನೇ. ಪರಿಶೀಲನೆಗೆ ಕಳುಹಿಸುವ ವಿಡಿಯೊ ಕೆಲವೇ ಎಂಬಿ ಗಾತ್ರದ್ದಾದ್ದರಿಂದ ಬಾಣೆಯ, ಅಂದರೆ ಮನೆಯ ಬಳಿಯ ಗುಡ್ಡದ ಜಾಗದ ಮೇಲೆ ಹತ್ತಿ ನಿಂತು ಮೊಬೈಲ್ ನೆಟ್‌ವರ್ಕಿನಲ್ಲಿ ಕಳುಹಿಸಿದರೂ ಹೋಗುತ್ತದೆ. ತನಗೆ ತಾನೇ ವೇಳಾಪಟ್ಟಿ ಹಾಕಿಕೊಂಡು ನಡೆಯಬಲ್ಲ ಮಗುವಿಗೆ ಮಾತ್ರ ಈ ದಾರಿ. ಒಂಟಿಯಾಗಿ ಎರಡು ವರ್ಷ ಕಳೆಯುವುದು ಎಲ್ಲರ ಸ್ವಭಾವಕ್ಕೂ ಒಗ್ಗುವುದಿಲ್ಲ. ನಾನು ಇದನ್ನು ಬಿ.ಕಾಂ ಅಥವಾ ಬಿ.ಎ ಪದವಿಯ ಜೊತೆಜೊತೆಗೆ ಸಾಗಿಸಲು ಸೂಚಿಸುತ್ತೇನೆ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕಾಲೇಜಿಗೆ ಹೋಗುತ್ತ, ದಿನವೂ ಸಂಜೆ ಮೂರು ಗಂಟೆಗಳ ಕಾಲ ಅಭ್ಯಾಸ ಮಾಡಿದರೆ, ಮೂರು ವರ್ಷಗಳ ಕೊನೆಗೆ ಮಾನ್ಯ ಪದವಿಯೂ ಒಂದು ಶೋರೀಲೂ ಕೈಯಲ್ಲಿರುತ್ತವೆ.

ಹಣದ ಲೆಕ್ಕ

ಖಾಸಗಿ ಸಂಸ್ಥೆಯ ಶುಲ್ಕವನ್ನಷ್ಟೇ ಲೆಕ್ಕ ಹಾಕಿ ಹೊರಡುವುದು ಸಾಮಾನ್ಯ ತಪ್ಪು. ಬೆಂಗಳೂರಿನಲ್ಲಿ ಊಟ ಸಹಿತ ಪಿಜಿಗೆ ತಿಂಗಳಿಗೆ 10,000 ರೂಪಾಯಿ ಎಂದು ಹಿಡಿದರೆ ಎರಡು ವರ್ಷಕ್ಕೆ 2,40,000 ರೂಪಾಯಿ. ಅದರ ಮೇಲೆ ಕಂಪ್ಯೂಟರ್, ಬಸ್ಸು, ಬಟ್ಟೆಬರೆ. ಕೋರ್ಸ್ ಮುಗಿದ ಮೇಲೆ ಕೆಲಸ ಸಿಗುವವರೆಗಿನ ಆರು ತಿಂಗಳ ವಾಸವನ್ನೂ ಸೇರಿಸಬೇಕು, ಏಕೆಂದರೆ ಶೋರೀಲ್ ತಿದ್ದಿ ಮತ್ತೆ ಮತ್ತೆ ಅರ್ಜಿ ಹಾಕುವ ಕಾಲ ಅದು. ನಾನು ಕಂಡಂತೆ ಮೊದಲ ಕೆಲಸದ ಸಂಬಳ ತಿಂಗಳಿಗೆ 15,000 ದಿಂದ 25,000 ರೂಪಾಯಿಯ ನಡುವೆ ಇರುತ್ತದೆ, ಅಂದರೆ ಮೊದಲೆರಡು ವರ್ಷ ಬೆಂಗಳೂರಿನಲ್ಲಿ ಬದುಕಲು ಸಾಕು, ಸಾಲ ತೀರಿಸಲು ಸಾಲದು.

ಸಾಲದ ವಿಷಯದಲ್ಲಿ ಕೊಡಗಿನವರಿಗೆ ಒಂದು ವಿಶೇಷ ತೊಡಕಿದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಾಗದ ಪಹಣಿಯಲ್ಲಿ ಎಷ್ಟೋ ಕುಟುಂಬಗಳಲ್ಲಿ ಇಂದಿಗೂ ಹಿಂದಿನ ಪಟ್ಟೇದಾರರ, ಅಂದರೆ ಕುಟುಂಬದ ಮುಖ್ಯಸ್ಥರಾಗಿದ್ದವರ ಹೆಸರೇ ಮುಂದುವರಿದಿರುವುದರಿಂದ, ಎಕರೆಗಟ್ಟಲೆ ತೋಟವಿದ್ದರೂ ಅದನ್ನು ಬ್ಯಾಂಕಿಗೆ ಆಧಾರವಾಗಿ ತೋರಿಸಲು ಆಗುವುದಿಲ್ಲ. ಮಾನ್ಯತೆ ಪಡೆದ ಪದವಿಗಳಿಗೆ ಕೇಂದ್ರ ಸರ್ಕಾರದ ಖಾತರಿ ನಿಧಿಯಡಿ 7.5 ಲಕ್ಷ ರೂಪಾಯಿಯವರೆಗೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಪಡೆಯುವ ವ್ಯವಸ್ಥೆಯಿದೆ. ಮಾನ್ಯತೆಯಿಲ್ಲದ ಸರ್ಟಿಫಿಕೇಟ್ ತರಬೇತಿಗೆ ಆ ನೆರವು ದೊರೆಯುವುದಿಲ್ಲ. ಐಐಟಿಗಳಲ್ಲಿ ವರ್ಷದ ಕುಟುಂಬ ಆದಾಯ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, ಐದು ಲಕ್ಷದವರೆಗೆ ಮೂರನೇ ಎರಡು ಭಾಗ ಮಾಫಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವಿಲ್ಲ. ಹೀಗಾಗಿ ದೊಡ್ಡ ಹೆಸರಿನ ಸಂಸ್ಥೆ ಎಂದರೆ ದೊಡ್ಡ ಖರ್ಚು ಎಂದು ಹೆದರಿ, ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕ ಕುಟುಂಬದ ಪ್ರತಿಭಾವಂತ ಮಗು ಅರ್ಜಿಯನ್ನೇ ಹಾಕದಿರುವುದು ತಪ್ಪು ಲೆಕ್ಕಾಚಾರ.

ಕೆಲಸದ ಮಾರುಕಟ್ಟೆ

ಇದನ್ನು ಮುಚ್ಚಿಡದೆ ಹೇಳಬೇಕು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೊ ಮುಚ್ಚಿತು, ಒಂದೇ ವಾರದಲ್ಲಿ ಅಪಾರ ಸಂಖ್ಯೆಯ ಕಲಾವಿದರು ಕೆಲಸ ಕಳೆದುಕೊಂಡರು. ಅವರಲ್ಲಿ ನನ್ನ ಗೆಳೆಯರೂ ಇದ್ದರು. ಹೊರದೇಶದ ಸಿನಿಮಾಗಳ ಗುತ್ತಿಗೆ ಕೆಲಸವನ್ನು ನೆಚ್ಚಿಕೊಂಡ ಉದ್ಯಮ ಎಷ್ಟು ಅಸ್ಥಿರವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಕೃತಕ ಬುದ್ಧಿಮತ್ತೆಯ ಸಾಧನಗಳು ಮೊದಲು ತಟ್ಟುತ್ತಿರುವುದು ರೊಟೊ, ಪ್ರೆಪ್‌ನಂತಹ ಪುನರಾವರ್ತನೆಯ ಕೆಲಸಗಳನ್ನು, ಅಂದರೆ ಹೊಸಬರು ಒಳಗೆ ಕಾಲಿಡುತ್ತಿದ್ದ ಮೆಟ್ಟಿಲನ್ನೇ. ಆದ್ದರಿಂದ ರೊಟೊ ಒಂದನ್ನೇ ಕಲಿಸುವ ಆರು ತಿಂಗಳ ತರಬೇತಿಗೆ ಇಂದು ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಕಡೆ, ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು, ಅದರ ಮೂರನೆಯ ಆವೃತ್ತಿ 2024ರಿಂದ 2029ರವರೆಗೆ ಜಾರಿಯಲ್ಲಿದೆ. ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ ನರಸಿಂಹ' ಅನಿಮೇಷನ್ ಚಿತ್ರವನ್ನು 2025ರಲ್ಲಿ ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. ನಮ್ಮದೇ ಕಥೆಗಳಿಗೆ ಇಲ್ಲಿಯೇ ಪ್ರೇಕ್ಷಕರಿದ್ದಾರೆ ಎಂಬುದಕ್ಕೆ ಅಷ್ಟು ದೊಡ್ಡ ಪುರಾವೆ ಹಿಂದೆ ಇರಲಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಪ್ರಥಮ ಪಿಯುಸಿಯಲ್ಲಿದ್ದು ಕಥೆ ಹೇಳುವ ಹಂಬಲವಿರುವ ಮಗು ಎನ್‌ಐಡಿ ಮತ್ತು ಯುಸೀಡ್ ಎರಡಕ್ಕೂ ಸಿದ್ಧತೆ ಆರಂಭಿಸಲಿ. ಸಿಗದಿದ್ದರೆ ಕಾವಾ ಎರಡನೆಯ ಆಯ್ಕೆಯಾಗಿ ಇರಲಿ, ಏಕೆಂದರೆ ಎರಡಕ್ಕೂ ಬೇಕಾದ ಚಿತ್ರಾಭ್ಯಾಸ ಒಂದೇ. ಪಿಯುಸಿ ಮುಗಿದು ಬಾಗಿಲುಗಳು ಮುಚ್ಚಿರುವವರು ಆತುರದಿಂದ ಖಾಸಗಿ ಸಂಸ್ಥೆಗೆ ಸೇರುವ ಬದಲು ದೃಶ್ಯಕಲೆಯ ಪದವಿಯನ್ನು ಮೊದಲು ವಿಚಾರಿಸಲಿ. ಈಗಾಗಲೇ ಪದವಿ ಮುಗಿಸಿ, ಮನೆಯ ಜವಾಬ್ದಾರಿ ಹೊತ್ತು, ಒಂದೆರಡು ವರ್ಷದೊಳಗೆ ದುಡಿಯಲೇಬೇಕಾದವರಿಗೆ ಒಳ್ಳೆಯ ಶಿಕ್ಷಕರಿರುವ ಖಾಸಗಿ ಕೇಂದ್ರವೇ ಸರಿ. ಗಣಿತ, ತರ್ಕ ಇಷ್ಟಪಡುವವರು ಎಂಜಿನಿಯರಿಂಗ್ ಓದಿಯೂ ರಿಗ್ಗಿಂಗ್, ಗೇಮ್ ತಂತ್ರಜ್ಞಾನದ ಕಡೆಗೆ ಬರಬಹುದು. ಅವರಿಗೆ ಮನೆಯ ಕಲಿಕೆ ಸಾಕಾಗುತ್ತದೆ.

ಊರಿನಲ್ಲಿದ್ದುಕೊಂಡೇ ಈ ವೃತ್ತಿ ಮಾಡಬಹುದೇ ಎಂದು ಕೇಳುವವರು, ವಿಶೇಷವಾಗಿ ಒಬ್ಬನೇ ಮಗನಿರುವ ಮನೆಯವರು, ನನ್ನನ್ನು ನೋಡಿ ಹೌದೆಂದು ತೀರ್ಮಾನಿಸುತ್ತಾರೆ. ನಾನು ಊರಿಗೆ ಮರಳಿದ್ದು ಹನ್ನೊಂದು ವರ್ಷಗಳ ನಂತರ, ನನ್ನ ಕೆಲಸ ಬಲ್ಲ ಜನ ಹಲವು ಸ್ಟುಡಿಯೊಗಳಲ್ಲಿದ್ದ ಮೇಲೆ. ಮೊದಲ ಮೂರು ನಾಲ್ಕು ವರ್ಷವಾದರೂ ಸ್ಟುಡಿಯೊದ ಒಳಗೆ, ಪಕ್ಕದ ಕುರ್ಚಿಯಲ್ಲಿ ಕುಳಿತ ಹಿರಿಯರು ನಿಮ್ಮ ಪರದೆಯ ಕಡೆಗೆ ಬಾಗಿ ನೋಡುವಷ್ಟು ಹತ್ತಿರದಲ್ಲಿ ಇರಬೇಕು. ಊರಿನಲ್ಲಿಯೇ ಉಳಿಯಬೇಕಾದ ಅನಿವಾರ್ಯವಿದ್ದವರಿಗೆ ಹೋಂಸ್ಟೇ ಮತ್ತು ಕಾಫಿ ಉದ್ಯಮಗಳ ಕಿರುವಿಡಿಯೊಗಳು, ಶಾಲಾಪಾಠಗಳ ಚಿತ್ರಣ ಇಂತಹ ಕೆಲಸಗಳುಂಟು. ವಿಜಯದಶಮಿಯ ರಾತ್ರಿ ಮಡಿಕೇರಿಯ ಬೀದಿಗಳಲ್ಲಿ ಸಾಗುವ, ಪುರಾಣಕಥೆಗಳನ್ನು ಚಲಿಸುವ ಮೂರ್ತಿಗಳಲ್ಲಿ ತೋರಿಸುವ ಹತ್ತು ದೇವಾಲಯಗಳ ದಶಮಂಟಪಗಳನ್ನು ಕಟ್ಟುವ ಸಮಿತಿಗಳಿಗೂ, ಯಾವ ಮೂರ್ತಿ ಯಾವ ಕ್ಷಣದಲ್ಲಿ ಏಳಬೇಕು, ಬೆಳಕು ಮತ್ತು ಶಬ್ದ ಯಾವಾಗ ಕೂಡಬೇಕು ಎಂಬುದನ್ನು ಮೊದಲೇ ಚಿತ್ರಗಳಲ್ಲಿ ಬಿಡಿಸಿ ತೋರಿಸುವವರು ಬೇಕು. ಒಂದು ತಂಡಕ್ಕೆ ಹಾಗೆ ಬಿಡಿಸಿಕೊಟ್ಟ ಸ್ಟೋರಿಬೋರ್ಡನ್ನೂ, ಆ ರಾತ್ರಿ ಮಂಟಪದ ಮುಂದೆ ನಿಂತು ಚಿತ್ರೀಕರಿಸಿದ ವಿಡಿಯೊವನ್ನೂ ಪಕ್ಕಪಕ್ಕದಲ್ಲಿಟ್ಟು ಶೋರೀಲಿನಲ್ಲಿ ಸೇರಿಸಿದರೆ, ಬೆಂಗಳೂರಿನ ಯಾವ ವಿದ್ಯಾರ್ಥಿಯ ಬಳಿಯೂ ಇಲ್ಲದ ಒಂದು ಕೆಲಸ ನಿಮ್ಮಲ್ಲಿರುತ್ತದೆ. ಮಂಟಪಗಳ ಸಿದ್ಧತೆ ದಸರೆಗೆ ತಿಂಗಳುಗಳ ಮೊದಲೇ ಆರಂಭವಾಗುವುದರಿಂದ, ಸಮಿತಿಯವರನ್ನು ಮಳೆಗಾಲದಲ್ಲಿಯೇ ಹೋಗಿ ಕಾಣಬೇಕು.